ಬೋರ್ಡಿನ ಹೆಸರು ಕೇಳಿ: ಕೊಂಢವಾದ ಕನ್ನಡ ತಂದೆತಾಯಂದಿರಿಗೆ ಬಹಿರಂಗ ಪತ್ರ

ಪುಣೆಯ ಕೊಂಢವಾ ಖುರ್ದ, ಕೊಂಢವಾ ಬುದ್ರುಕ, ಉಂಡ್ರಿ, ಪಿಸೋಳಿ, ಎನ್‌ಐಬಿಎಂ ರಸ್ತೆಯ ಆಸುಪಾಸಿನಲ್ಲಿ ನೆಲೆಸಿರುವ ಕನ್ನಡ ಮನೆಗಳ ತಂದೆತಾಯಂದಿರಿಗೆ,



ಹನ್ನೆರಡನೆಯದರ ಫಲಿತಾಂಶ ಬಂದು, ಸಿಇಟಿ ಮುಗಿದು, ಎಂಜಿನಿಯರಿಂಗ್ ಪ್ರವೇಶದ ಯಾದಿಗಳು ಹೊರಬೀಳುವ ಹೊತ್ತಿಗೆ ನಿಮ್ಮ ಮನೆಗಳಲ್ಲಿ ಒಂದು ಮಾತು ಶುರುವಾಗಿರುತ್ತದೆ: ಮಗನಿಗೋ ಮಗಳಿಗೋ ಕಂಪ್ಯೂಟರ್ ಕೊಡಿಸಬೇಕು. ಒಳ್ಳೆಯ ಲ್ಯಾಪ್‌ಟಾಪ್‌ನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಕಡೆಗೆ ‘ಅಸೆಂಬಲ್ ಮಾಡಿಸೋಣ’ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ವಿಜಯಪುರ, ಕಲಬುರಗಿ, ಬೆಳಗಾವಿ, ಸೊಲ್ಲಾಪುರದ ಕಡೆಯಿಂದ ಬಂದು ಇಲ್ಲಿ ಗಾಡಿ ಓಡಿಸುವವರು, ಕಟ್ಟಡದ ಕೆಲಸ ಹಿಡಿದವರು, ಕಂಪನಿಗಳಲ್ಲಿ ಪಾಳಿ ಮಾಡುವವರು ಆ ಮೂವತ್ತು ಮೂವತ್ತೈದು ಸಾವಿರ ರೂಪಾಯಿಯನ್ನು ಹೇಗೆ ಕೂಡಿಸಿರುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಹಣ ಎಲ್ಲಿ ಸೋರುತ್ತದೆಂಬುದೂ ಗೊತ್ತು. ನನ್ನ ಉದ್ಯೋಗವೇ ಮದರ್‌ಬೋರ್ಡ್ ರಿಪೇರಿಯಾಗಿತ್ತು. ಈಗ ಅಂಗಡಿ ಮುಚ್ಚಿದ್ದೇನೆ, ಬೆಸುಗೆಯ ಕಡ್ಡಿ ಮಾತ್ರ ಇನ್ನೂ ಕೈಬಿಟ್ಟಿಲ್ಲ.

ನಿಮ್ಮಲ್ಲಿ ನನ್ನ ಮುಖ್ಯವಾದ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಎಣಿಸಿ ಕೊಡುವ ಮೊದಲು ಮದರ್‌ಬೋರ್ಡಿನ ಪೂರ್ತಿ ಹೆಸರು ಕೇಳಿ, ಬರೆಸಿಕೊಳ್ಳಿ. ಕಡಿಮೆ ಬೆಲೆಯ ಬೋರ್ಡ್ ಕೊಳ್ಳುವುದರಲ್ಲಿ ತಪ್ಪಿಲ್ಲ. ನಾನು ಹೆದರುವುದು ಹೆಸರಿಲ್ಲದ ಬೋರ್ಡಿಗೆ.

ಈ ಜಾಹೀರಾತು ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು: ‘ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಹೊಸ ಮಾನಿಟರ್, ಕೀಬೋರ್ಡ್, ಮೌಸ್ ಸಮೇತ’, ಬೆಲೆ ನಂಬಲಾಗದಷ್ಟು ಕಡಿಮೆ. ಎಲ್ಲ ಭಾಗಗಳ ಹೆಸರಿದೆ, ಬೋರ್ಡಿನದೊಂದೇ ಇಲ್ಲ. ಐ5 ಎಂದಷ್ಟೇ ಹೇಳುವುದು, ಗಾಡಿ ಸ್ಪ್ಲೆಂಡರ್ ಎಂದು ಹೇಳಿ ಯಾವ ವರ್ಷದ ಮಾಡೆಲ್ಲೆಂಬುದನ್ನು ಬಚ್ಚಿಟ್ಟ ಹಾಗೆ. ಇಂಟೆಲ್‌ನ ಐ5 ಹೆಸರಿನಲ್ಲಿ ಹದಿನಾಲ್ಕು ತಲೆಮಾರುಗಳು ಬಂದುಹೋಗಿವೆ. ಈ ಜಾಹೀರಾತಿನವು ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ತಲೆಮಾರಿನವು, ಕೂತಿರುವುದು ಎಚ್ 61 ಎಂಬ ಚಿಪ್‌ಸೆಟ್‌ನ ಬೋರ್ಡಿನ ಮೇಲೆ. ಎಚ್ 61 ಮಾರುಕಟ್ಟೆಗೆ ಬಂದದ್ದು 2011ರಲ್ಲಿ. ಆ ವರ್ಷ ಹುಟ್ಟಿದ ಮಕ್ಕಳಿಗೆ ಈಗ ಎಸ್ಸೆಸ್ಸೆಲ್ಸಿಯ ವಯಸ್ಸು.

ನಮ್ಮ ಬೀದಿಯಲ್ಲಿರುವ ಇಂಡಿ ತಾಲ್ಲೂಕಿನ ಒಬ್ಬ ಗೃಹಸ್ಥರು ಇಂಥದ್ದೇ ಒಂದು ಕಂಪ್ಯೂಟರನ್ನು ಹೊತ್ತು ತಂದಿದ್ದರು. ಅವರದು ಐ7. ವರ್ಷದ ವಾರಂಟಿ ಮುಗಿದು ತಿಂಗಳೊಪ್ಪತ್ತಿಗೆ ಅದು ಆನ್ ಆಗುವುದನ್ನೇ ನಿಲ್ಲಿಸಿತ್ತು. “ಕಾಕಾ, ಐ7 ಅದ ಅಂತ ಕೊಟ್ಟಾರ. ಬೋರ್ಡ್ ಯಾವ್ದು ಅಂತ ಕೇಳಿದ್ದಕ್ಕ ‘ಬಿಂದಾಸ್ ಘ್ಯಾ’, ಚಿಂತಿ ಬ್ಯಾಡ ತಗೋ, ಅಂದ. ಡಬ್ಬಿ ಒಳಗ ಇರೂದು, ಯಾವ್ದಾದ್ರೇನು ಬಿಡು ಅಂತ ನಾನೂ ಸುಮ್ನಾದೆ” ಎಂದರು. ಬಿಚ್ಚಿ ನೋಡಿದರೆ ತಯಾರಕರ ಹೆಸರೇ ಇಲ್ಲದ ಹಸಿರು ಹಲಗೆ, ಅದೂ ಎಚ್ 61ರದ್ದೇ. ಪ್ರೊಸೆಸರ್‌ಗೆ ಕರೆಂಟ್ ಒದಗಿಸುವ ಭಾಗದಲ್ಲಿ ಮಾಸ್ಫೆಟ್ ಎಂಬ ಒಂದು ಬಿಡಿಭಾಗ ಸುಟ್ಟು ಕರಕಲಾಗಿತ್ತು. ಚಿಪ್‌ಸೆಟ್‌ನ ಅಂಚಿನಲ್ಲಿ ಹಳೆಯ ಬೆಸುಗೆಯ ಗುರುತುಗಳಿದ್ದವು. ಗುಜರಿಗೆ ಹೋದ ಬೋರ್ಡ್‌ಗಳಿಂದ ಚಿಪ್ ಕಿತ್ತು ಹೊಸ ಹಲಗೆಗೆ ಕೂರಿಸುವ ಈ ಕಸುಬನ್ನು ನಾನು ಬಲ್ಲೆ. ಬೆಸುಗೆ ಚೆನ್ನಾಗಿಯೇ ಹಾಕಿರುತ್ತಾರೆ, ಅದನ್ನು ಒಪ್ಪಬೇಕು. ಆದರೆ ಅದನ್ನು ‘ಹೊಸತು’ ಎಂದು ಮಾರುವುದನ್ನು ಒಪ್ಪಲಾರೆ.

ಸುಡದೆ ಉಳಿದಿದ್ದರೂ ಆ ಬೋರ್ಡಿನಿಂದ ಹೆಚ್ಚೇನೂ ಉಪಯೋಗವಿರಲಿಲ್ಲ. ಎಚ್ 61ರಲ್ಲಿ ಹಾರ್ಡ್‌ಡಿಸ್ಕ್ ಜೋಡಿಸುವ ಸಾಟಾ ದಾರಿ ಸೆಕೆಂಡಿಗೆ 3 ಗಿಗಾಬಿಟ್‌ನದು. ಇವತ್ತಿನ ಸಾಟಾ ಎಸ್‌ಎಸ್‌ಡಿಗೆ ಬೇಕಾದದ್ದು 6. ಹಾಗಾಗಿ ಹೊಸ ಎಸ್‌ಎಸ್‌ಡಿ ಅರ್ಧ ವೇಗದಲ್ಲಿ ಓಡುತ್ತದೆ. ಅದರ ರ‍್ಯಾಮ್ ಡಿಡಿಆರ್ 3, ನಾಳೆ ಬೇರೆ ಬೋರ್ಡಿಗೆ ಹಾಕಲು ಬಾರದು. ಇನ್ನು ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಏರ್ಪಾಡು ಮತ್ತು, ಕೆಲವೇ ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರು, ಎಎಂಡಿಯ ರೈಜೆನ್ 2000 ಸರಣಿ, ಇಲ್ಲವೇ ಅವುಗಳ ನಂತರದ ಪ್ರೊಸೆಸರ್. ಎಚ್ 61 ಆಗಲಿ, ಅದರ ತಮ್ಮಂದಿರಾದ ಎಚ್ 81, ಎಚ್ 110 ಆಗಲಿ ಈ ಗೆರೆಯ ಆಚೆಗೇ ಉಳಿಯುತ್ತವೆ. ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ, ಮುಂದೆ ಅಪ್‌ಡೇಟ್ ಕೈಕೊಟ್ಟರೆ ಅವರು ಸಿಗುವುದಿಲ್ಲ. ಲಿನಕ್ಸ್ ಹಾಕಿಕೊಳ್ಳುತ್ತೇವೆ ಎನ್ನುವವರಿಗೆ ನನ್ನ ತಕರಾರಿಲ್ಲ, ಹಳೆಯ ಯಂತ್ರ ಅದರಲ್ಲಿ ಲಕ್ಷಣವಾಗಿ ಓಡುತ್ತದೆ. ಆದರೆ ಅದಕ್ಕಾಗಿ ಹಳೆಯ ಮಾಲಿಗೆ ಹೊಸತರ ಬೆಲೆ ತೆರಬೇಡಿ. ಕೈಯಲ್ಲಿರುವುದು ಹತ್ತು ಹನ್ನೆರಡು ಸಾವಿರವೇ ಆದರೆ, ಕಚೇರಿಗಳಿಂದ ಹೊರಬಿದ್ದ ಒಳ್ಳೆಯ ಕಂಪನಿಯ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ಹುಡುಕಿ, ಎಂಟನೆಯ ತಲೆಮಾರಿಗಿಂತ ಹಿಂದಿನದು ಬೇಡ. ಅದು ಹಳೆಯದೆಂದು ಒಪ್ಪಿಕೊಂಡೇ ನಿಮ್ಮ ಕೈಸೇರುತ್ತದೆ.

ಬೋರ್ಡಿಗೇಕೆ ಇಷ್ಟು ಮಹತ್ವ ಎಂದು ನೀವು ಕೇಳಬಹುದು. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲವನ್ನೂ ಮುಂದೊಮ್ಮೆ ಒಂದೊಂದಾಗಿ ಬದಲಿಸಬಹುದು. ಯಾವುದನ್ನು ಬದಲಿಸಬಹುದು, ಎಲ್ಲಿಯವರೆಗೆ ಎಂದು ತೀರ್ಮಾನಿಸುವುದು ಬೋರ್ಡ್. 2017ರ ಜನವರಿಯಲ್ಲಿ ಇಂಟೆಲ್ ಏಳನೆಯ ತಲೆಮಾರನ್ನೂ ಅದಕ್ಕೆ ತಕ್ಕ 200 ಸರಣಿಯ ಬೋರ್ಡ್‌ಗಳನ್ನೂ ತಂದಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಂಟನೆಯ ತಲೆಮಾರು ಬಂತು. ಸಾಕೆಟ್‌ನ ಹೆಸರು ಅದೇ 1151, ಪ್ರೊಸೆಸರ್ ಅದರಲ್ಲಿ ಕೂರುತ್ತದೆ ಕೂಡ, ಆದರೆ ಬೋರ್ಡ್ ಏಳುವುದಿಲ್ಲ. ಒಂಬತ್ತು ತಿಂಗಳ ಹಿಂದೆ ಕೊಂಡವರು ಬಾಯಿ ಬಾಯಿ ಬಿಟ್ಟರು. ಎಎಂಡಿ ಕಡೆಯಲ್ಲಿ ಇನ್ನೊಂದು ಕಥೆ. 2018ರಲ್ಲಿ ಬಂದ ಬಿ 450 ಎಂಬ ಬಡವರ ಬೋರ್ಡ್, ಬಯಾಸ್ (ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡಿಕೊಂಡು 2022ರ ರೈಜೆನ್ 7 5800ಎಕ್ಸ್3ಡಿಯನ್ನೂ ಹೊತ್ತು ನಡೆಸಿತು. ಅಂದು ಸಣ್ಣ ಪ್ರೊಸೆಸರ್ ಹಾಕಿಸಿಕೊಂಡ ಹುಡುಗರು ನೌಕರಿ ಸೇರಿದ ಮೇಲೆ ಅದೇ ಬೋರ್ಡಿಗೆ ದೊಡ್ಡದು ಹಾಕಿಕೊಂಡದ್ದನ್ನು ನಾನೇ ಕಂಡಿದ್ದೇನೆ, ಹೀಟ್‌ಸಿಂಕ್‌ನ ಪೇಸ್ಟ್ ಹಚ್ಚಿಕೊಟ್ಟಿದ್ದೇನೆ.

ಹಾಗಾದರೆ ಇವತ್ತು ಏನು ಕೊಳ್ಳಬೇಕು? ಅಂಗಡಿಯವರು ನಿಮ್ಮ ಮುಂದಿಡುವ ದಾರಿಗಳು ಬಹುಮಟ್ಟಿಗೆ ಮೂರು.

ಇಂಟೆಲ್‌ನ 1700 ಸಾಕೆಟ್‌ನಲ್ಲಿ ಎಚ್ 610 ಬೋರ್ಡ್, ಜೊತೆಗೆ ಐ3 12100ರಂಥ ಪ್ರೊಸೆಸರ್. ಹೆಸರಾಂತ ಕಂಪನಿಯ ಹೊಸ ಎಚ್ 610, ನಾನು ಇದನ್ನು ಬರೆಯುವ ಹೊತ್ತಿಗೆ, ಆರೇಳು ಸಾವಿರದ ಆಸುಪಾಸಿನಲ್ಲಿದೆ. ಓದು, ಪ್ರೋಗ್ರಾಮಿಂಗ್, ಒಂದಿಷ್ಟು ಡ್ರಾಯಿಂಗ್ ಸಾಫ್ಟ್‌ವೇರ್‌ಗೆ ಇದು ಧಾರಾಳ. ಇದರ ಮಿತಿಗಳನ್ನೂ ತಿಳಿದಿರಿ. ರ‍್ಯಾಮ್‌ಗೆ ಎರಡೇ ಸ್ಲಾಟ್. 4 ಜಿಬಿಯ ಎರಡು ಕಡ್ಡಿ ತುಂಬಿಸಿಬಿಟ್ಟರೆ ಮುಂದೆ ಹೆಚ್ಚಿಸುವಾಗ ಅವನ್ನು ಕಿತ್ತೆಸೆಯಬೇಕು. ಆದ್ದರಿಂದ 8ರ ಎರಡು ಹಾಕಿಸಿ, ಇಲ್ಲವೇ ಈಗ 8ರದ್ದೊಂದು, ಮುಂದಿನ ದೀಪಾವಳಿಗೆ ಇನ್ನೊಂದು. ಇದೇ ಚಿಪ್‌ಸೆಟ್‌ನ ಕೆಲವು ಬೋರ್ಡ್‌ಗಳಲ್ಲಿ ಎನ್‌ವಿಎಂಇ ಡಿಸ್ಕ್ ಕೂರಿಸುವ ಎಂ.2 ಜಾಗವೇ ಇರುವುದಿಲ್ಲ. ಇದೆಯೇ ಎಂದು ಕಣ್ಣಾರೆ ನೋಡಿ.

ಎರಡನೆಯದು ಎಎಂಡಿಯ ಎಎಂ 4 ಸಾಕೆಟ್. ಎ 520, ಬಿ 450, ಬಿ 550 ಬೋರ್ಡ್‌ಗಳಲ್ಲಿ ಯಾವುದಾದರೊಂದು, ಮೇಲೆ ರೈಜೆನ್ 5 5600ಜಿ. ಇಲ್ಲಿ ಒಂದು ಗುಟ್ಟು ಹೇಳುತ್ತೇನೆ. ಬಿ 550ಕ್ಕೆ ಹೆಚ್ಚು ಬೆಲೆ ಕೊಡಲು ಹೇಳುವ ಮುಖ್ಯ ಕಾರಣ ಅದರ ಪಿಸಿಐಇ 4.0 ಎಂಬ ವೇಗದ ದಾರಿ. 5600ಜಿ ಪ್ರೊಸೆಸರ್‌ಗೆ ಆ ದಾರಿಯಲ್ಲಿ ನಡೆಯಲು ಬಾರದು, ಅದು 3.0ಕ್ಕೇ ನಿಲ್ಲುತ್ತದೆ. ಅಂದರೆ ನೀವು ಹೆಚ್ಚುವರಿ ಕೊಟ್ಟ ದುಡ್ಡು ಡಬ್ಬಿಯೊಳಗೆ ಸುಮ್ಮನೆ ಕೂತಿರುತ್ತದೆ. ಇದೇ 5600ಜಿಗೆ ಗ್ರಾಫಿಕ್ಸ್ ಒಳಗೇ ಇದೆ, ಅದು ಕೆಲಸ ಮಾಡುವುದು ರ‍್ಯಾಮ್‌ನ ವೇಗದ ಮೇಲೆ. ಇಲ್ಲಿ ಮಾತ್ರ ಒಂಟಿ ಕಡ್ಡಿ ಬೇಡ, ಮೊದಲ ದಿನವೇ ಜೋಡಿ ಹಾಕಿಸಿ.

ಮೂರನೆಯದು ಎಎಂ 5, ಅಂದರೆ ಎ 620 ಅಥವಾ ಬಿ 650. ಬೆಲೆ ಹೆಚ್ಚು, ರ‍್ಯಾಮ್ ಡಿಡಿಆರ್ 5 ಮಾತ್ರ. ಮೊದಲ ಎರಡು ಸಾಕೆಟ್‌ಗಳ ಓಟ ಹೆಚ್ಚುಕಡಿಮೆ ಮುಗಿದಿದೆ, 2027ರ ವರೆಗಾದರೂ ಹೊಸ ಪ್ರೊಸೆಸರ್ ಕೊಡುತ್ತೇವೆಂದು ಎಎಂಡಿ ಹೇಳಿರುವುದು ಇದಕ್ಕೆ. ಎರಡು ವರ್ಷದ ಹಿಂದಾಗಿದ್ದರೆ ‘ಸ್ವಲ್ಪ ಸಾಲವಾದರೂ ಇದನ್ನೇ ತಗೊಳ್ಳಿ’ ಎನ್ನುತ್ತಿದ್ದೆ. ಆದರೆ 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್‌ನ ಬೆಲೆ ಏರಿದ ರೀತಿ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿದೆ. ಮೆಮೊರಿ ಚಿಪ್ ಕಂಪನಿಗಳಿಗೆ ಈಗ ಎಐ ಸರ್ವರ್‌ಗಳೇ ದೊಡ್ಡ ಗಿರಾಕಿ, ನಮ್ಮಂಥವರು ಸಾಲಿನ ಕೊನೆಯಲ್ಲಿ. ಹಾಗಾಗಿ ನನ್ನ ಈಗಿನ ಸಲಹೆ ಇಷ್ಟೇ: ಮನೆಯಲ್ಲೋ ಬಂಧುಗಳಲ್ಲೋ ಡಿಡಿಆರ್ 4 ಕಡ್ಡಿಗಳು ಬಿದ್ದಿದ್ದರೆ ಅವನ್ನು ಇಟ್ಟುಕೊಂಡು ಮೊದಲೆರಡರಲ್ಲಿ ಒಂದನ್ನು ಆರಿಸಿ. ಒಂದು ಎಚ್ಚರಿಕೆ, 1700 ಸಾಕೆಟ್‌ನ ಬೋರ್ಡ್‌ಗಳು ಡಿಡಿಆರ್ 4ರಲ್ಲೂ ಬರುತ್ತವೆ, 5ರಲ್ಲೂ ಬರುತ್ತವೆ. ಎರಡೂ ಕಡ್ಡಿಗಳಲ್ಲಿ ಪಿನ್ 288ರಷ್ಟೇ, ಆದರೆ ಕಚ್ಚಿನ ಜಾಗ ಬೇರೆ. ಒಂದಕ್ಕೆ ಇನ್ನೊಂದು ಕೂರುವುದಿಲ್ಲ, ಒತ್ತಿ ಕೂರಿಸಹೋದರೆ ಸ್ಲಾಟ್ ಮುರಿಯುತ್ತದೆ.

ಕೆಲವು ಮನೆಗಳಲ್ಲಿ ತೊಂದರೆ ಇದಕ್ಕೆ ತಿರುಗುಮುರುಗು. ಮಗ ಯೂಟ್ಯೂಬ್ ನೋಡಿ ಬಣ್ಣದ ದೀಪ ಮಿನುಗುವ ಹದಿನೆಂಟು ಸಾವಿರದ ಬೋರ್ಡ್ ಬೇಕೆಂದು ಹಠ ಹಿಡಿದಿರುತ್ತಾನೆ. ನೀವು ಮಣಿದರೆ ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಎಸ್‌ಎಂಪಿಎಸ್‌ಗೂ ಡಿಸ್ಕ್‌ಗೂ ದುಡ್ಡು ಉಳಿಯುವುದಿಲ್ಲ. ಬೋರ್ಡಿನ ಮೇಲಿರುವ ವಿಆರ್‌ಎಂ ಎಂಬ ಭಾಗ ಎಸ್‌ಎಂಪಿಎಸ್‌ನಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿಕೊಡುತ್ತದೆ. ದುಬಾರಿ ಬೋರ್ಡಿನಲ್ಲಿ ಹೆಚ್ಚಿನ ದುಡ್ಡು ಹೋಗುವುದು ಇಲ್ಲಿಗೆ. 65 ವಾಟ್‌ನ ಪ್ರೊಸೆಸರ್‌ಗೆ ಸಾಧಾರಣ ವಿಆರ್‌ಎಂ ಸಾಕು. 125 ವಾಟ್‌ನದನ್ನು ಹೀಟ್‌ಸಿಂಕ್ ಇಲ್ಲದ ಅಗ್ಗದ ಬೋರ್ಡಿನ ಮೇಲೆ ಕೂರಿಸಿದರೆ ಮಾತ್ರ ಪುಣೆಯ ಏಪ್ರಿಲ್ ಮಧ್ಯಾಹ್ನ ಅದು ಕಾದು, ವೇಗ ಕುಸಿದು, ಕೊಂಡ ಪ್ರಯೋಜನವೇ ಇಲ್ಲದಂತಾಗುತ್ತದೆ. ಪ್ರೊಸೆಸರ್‌ಗೆ ತಕ್ಕ ಬೋರ್ಡ್ ಅಂದರೆ ಇಷ್ಟೇ ಅರ್ಥ. ಹೊಂದಿಕೆಯಾಗುವ ಸಾಧಾರಣ ಜೋಡಿ ವರ್ಷಗಟ್ಟಲೆ ಬಾಳುತ್ತದೆ.

ಇನ್ನೊಂದು ಬಲೆ ‘ಎಫ್’ ಅಕ್ಷರ. ಐ3 12100 ಮತ್ತು 12100ಎಫ್ ನಡುವೆ ಬೆಲೆಯಲ್ಲಿ ವ್ಯತ್ಯಾಸವಿದೆ, ಎಫ್ ಅಗ್ಗ. ಆದರೆ ಎಫ್‌ನಲ್ಲಿ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ಹಿಂದೆ ಎಚ್‌ಡಿಎಂಐ, ವಿಜಿಎ ಕಿಂಡಿಗಳಿದ್ದರೂ ಅಲ್ಲಿಂದ ಚಿತ್ರ ಬರುವುದಿಲ್ಲ. ರೈಜೆನ್ 5 5600ರದ್ದೂ ಇದೇ ಕಥೆ, ‘ಜಿ’ ಇದ್ದರಷ್ಟೇ ಚಿತ್ರ. ಬೇರೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದಿಲ್ಲವಾದರೆ ಆ ವ್ಯತ್ಯಾಸದ ದುಡ್ಡು ಉಳಿಸಲು ಹೋಗಬೇಡಿ. ವಿಜಿಎ ಮಾತು ಬಂತಲ್ಲ, ಹಳೆಯ ಮಾನಿಟರ್ ಮನೆಯಲ್ಲಿದ್ದರೆ ಬಿಸಾಡಬೇಡಿ. ಅಗ್ಗದ ಬೋರ್ಡ್‌ಗಳಲ್ಲೇ ವಿಜಿಎ ಹೆಚ್ಚಾಗಿ ಉಳಿದಿರುವುದು, ಬಡವರ ಬೋರ್ಡಿನ ಈ ಒಂದು ಗುಣ ನನಗೆ ಬಹಳ ಇಷ್ಟ.

ಅಂಗಡಿಯಲ್ಲಿ ಕೂತಾಗ ದಯವಿಟ್ಟು ಸಂಕೋಚ ಬಿಡಿ. ತಿಲಕ್ ರಸ್ತೆಯಾಗಲಿ, ನಮ್ಮ ಕಡೆಯವರು ಹೋಗುವ ಬೆಂಗಳೂರಿನ ಎಸ್‌ಪಿ ರೋಡಾಗಲಿ, ಕೇಳುವ ಗಿರಾಕಿಯನ್ನು ನೋಡಿದರೆ ಒಳ್ಳೆಯ ವ್ಯಾಪಾರಿಗೆ ಗೌರವವೇ. ಬೋರ್ಡಿನ ಕಂಪನಿ, ಮಾಡೆಲ್, ರಿವಿಷನ್ ಮೂರನ್ನೂ ಕೊಟೇಶನ್‌ನಲ್ಲಿ ಬರೆಸಿ. ಈ ಪ್ರೊಸೆಸರನ್ನು ಈ ಬೋರ್ಡ್ ಪೆಟ್ಟಿಗೆಯಿಂದ ತೆಗೆದ ಕೂಡಲೇ ಗುರುತಿಸುತ್ತದೆಯೇ, ಬಯಾಸ್ ಅಪ್‌ಡೇಟ್ ಬೇಕೇ ಎಂದು ಕೇಳಿ. ಬೇಕೆಂದರೆ ಅಲ್ಲೇ ಮಾಡಿಸಿಕೊಳ್ಳಿ, ಏಕೆಂದರೆ ಅಗ್ಗದ ಬೋರ್ಡ್‌ಗಳಲ್ಲಿ ಪ್ರೊಸೆಸರ್ ಇಲ್ಲದೆ ಅಪ್‌ಡೇಟ್ ಮಾಡುವ ಗುಂಡಿ ಇರುವುದು ಅಪರೂಪ. ಇಂಟೆಲ್ ಬೋರ್ಡ್‌ಗಳಲ್ಲೂ ಎಎಂ 5ರಲ್ಲೂ ಸೂಜಿಯಂಥ ಪಿನ್‌ಗಳಿರುವುದು ಬೋರ್ಡಿನ ಸಾಕೆಟ್‌ನಲ್ಲಿ. ಪಿನ್ ಬಾಗಿದ್ದರೆ ವಾರಂಟಿ ಕೊಡುವುದಿಲ್ಲ. ಆದ್ದರಿಂದ ಅಂಗಡಿಯಲ್ಲೇ ಮುಚ್ಚಳ ತೆಗೆಸಿ, ಮೊಬೈಲ್‌ನಲ್ಲಿ ಸಾಕೆಟ್‌ನ ಫೋಟೊ ತೆಗೆದುಕೊಳ್ಳಿ. ಆ ಪ್ಲಾಸ್ಟಿಕ್ ಮುಚ್ಚಳವನ್ನು ಕಸಕ್ಕೆ ಹಾಕಬೇಡಿ, ಬೋರ್ಡನ್ನು ಸರ್ವಿಸ್‌ಗೆ ಕೊಡುವಾಗ ಅದು ಬೇಕಾಗುತ್ತದೆ. ಹೆಸರಾಂತ ಕಂಪನಿಗಳು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಕೊಡುತ್ತವೆ, ಅದಕ್ಕೆ ನಿಮ್ಮ ಬಳಿ ಇರುವ ಆಧಾರ ಬಿಲ್ ಒಂದೇ. ‘ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಉಳೀತದ’ ಎನ್ನುವ ಮಾತಿಗೆ ಮರುಳಾಗಬೇಡಿ. ಜಿಎಸ್‌ಟಿ ನಂಬರ್, ಬೋರ್ಡಿನ ಸೀರಿಯಲ್ ನಂಬರ್ ಎರಡೂ ಇರುವ ಬಿಲ್ ತೆಗೆದುಕೊಂಡೇ ಏಳಿ.

ಮನೆಗೆ ತಂದ ಮೇಲಿನ ಒಂದು ಮಾತು. ಕೊಂಢವಾದ ಎಷ್ಟೋ ಬಾಡಿಗೆ ಮನೆಗಳಲ್ಲಿ ಮೂರು ಪಿನ್‌ನ ಸಾಕೆಟ್ ಇದ್ದರೂ ಮೂರನೆಯದಕ್ಕೆ ತಂತಿಯೇ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಅದನ್ನು ‘ಸ್ವಲ್ಪ ಕರೆಂಟ್ ಬರ್ತದ, ಚಪ್ಪಲಿ ಹಾಕ್ಕೊಂಡು ಕೂಡು’ ಎಂದು ಸಹಿಸಿಕೊಂಡಿರುವ ಮನೆಗಳನ್ನು ನೋಡಿದ್ದೇನೆ. ಅರ್ಥಿಂಗ್ ಸರಿಯಿಲ್ಲವೆಂದು ಅದರ ಅರ್ಥ, ಬೋರ್ಡಿಗೂ ಕೆಟ್ಟದ್ದು, ಮಗುವಿಗೂ ಅಪಾಯ. ಎಲೆಕ್ಟ್ರಿಶಿಯನ್ ಕರೆಸಿ ಪರೀಕ್ಷೆ ಮಾಡಿಸಿ, ಮನೆಮಾಲೀಕರೊಡನೆ ಒಂದು ಮಾತಾಡಿ. ಕರೆಂಟ್ ಹೋಗಿ ಬರುವ ಹೊತ್ತಿನ ಏರಿಳಿತಕ್ಕೆ ಒಂದು ಸಣ್ಣ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. 2000ದ ಆಚೀಚೆಯ ಬೋರ್ಡ್‌ಗಳಲ್ಲಿ ಕೆಟ್ಟ ದ್ರಾವಣದಿಂದಾಗಿ ಕೆಪಾಸಿಟರ್‌ಗಳು ತಲೆ ಊದಿಕೊಂಡು ಒಡೆಯುತ್ತಿದ್ದವು, ಜಗತ್ತಿನಾದ್ಯಂತ ಆದ ಪಿಡುಗು ಅದು. ನಮ್ಮ ರಿಪೇರಿಯವರ ಹೊಟ್ಟೆ ತುಂಬಿದ್ದೂ ಅದರಿಂದಲೇ! ಈಗಿನ ಒಳ್ಳೆಯ ಬೋರ್ಡ್‌ಗಳ ಘನ ಕೆಪಾಸಿಟರ್‌ಗಳು ಹಾಗೆ ಊದುವುದಿಲ್ಲ, ಆದರೆ ಕೆಟ್ಟ ಅರ್ಥಿಂಗ್‌ಗೂ ಅಗ್ಗದ ಎಸ್‌ಎಂಪಿಎಸ್‌ಗೂ ಅವೇನೂ ಮದ್ದಲ್ಲ.

ಜೋಡಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ ಎಂಬುದು ನನ್ನ ಇನ್ನೊಂದು ಬೇಡಿಕೆ. ಹೆಣ್ಣುಮಕ್ಕಳಿಗೆ ವಿಶೇಷವಾಗಿ. ಮಗನಿಗೆ ಕಂಪ್ಯೂಟರ್, ಮಗಳಿಗೆ ಅಣ್ಣನ ಹಳೆ ಮೊಬೈಲ್ ಎಂಬ ಹಂಚಿಕೆ ನಮ್ಮ ಮನೆಗಳಲ್ಲಿ ಇನ್ನೂ ಇದೆ, ಹೇಳಲು ಬೇಸರವಾಗುತ್ತದೆ. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗಿ ಹಾಲ್‌ನ ಮೇಜಿನ ಮೇಲೆ ತನ್ನ ಕಂಪ್ಯೂಟರ್ ಜೋಡಿಸುತ್ತ ನನ್ನನ್ನು ಕರೆದಳು. ಅಂಗಡಿಯವರು ಕ್ಯಾಬಿನೆಟ್‌ಗೆ ಕೊಟ್ಟ ಹಿತ್ತಾಳೆಯ ಸ್ಟಡ್‌ಗಳಲ್ಲಿ ಒಂದು, ಬೋರ್ಡಿನಲ್ಲಿ ತೂತೇ ಇಲ್ಲದ ಜಾಗದಲ್ಲಿ ಕೂತಿತ್ತು. “ಇದು ಬೋರ್ಡಿನ ಹಿಂಬದಿಗೆ ತಾಗಿ ಶಾರ್ಟ್ ಆಗೂದಿಲ್ಲೇನ್ರೀ ಕಾಕಾ?” ಎಂದು ಕೇಳಿದಳು. ಆಗುತ್ತಿತ್ತು. ವರ್ಷಗಟ್ಟಲೆ ಕಸುಬು ಮಾಡಿದವರು ಕೂಡ ಎಷ್ಟೋ ಸಲ ಅದನ್ನು ಗಮನಿಸದೆ ಬೋರ್ಡ್ ಸುಟ್ಟಿದ್ದಾರೆ. ಅವಳ ಅಮ್ಮ ಮಾತ್ರ ಬಾಗಿಲಲ್ಲಿ ನಿಂತು, “ಹತ್ತು ಸಾವಿರದ ಸಾಮಾನು, ಇಕಿ ಕೈಯಾಗ ಯಾಕ ಕೊಟ್ರಿ” ಎಂದು ಗೊಣಗುತ್ತಲೇ ಇದ್ದರು. ಸಂಜೆಗೆ ಪರದೆಯ ಮೇಲೆ ಬಯಾಸ್ ಮೂಡಿದಾಗ ಮೊದಲು ಪೇಢಾ ತಂದವರೂ ಅವರೇ.

ಸಿಗುವ ಭಾಗಗಳನ್ನು ಹೊಂದಿಸಿ ಬೇಕಾದದ್ದನ್ನು ಕಟ್ಟಿಕೊಳ್ಳುವುದು ಪುಣೆಗೆ ಹೊಸತೇನಲ್ಲ. ಭಾರತ ಕೇಳಿದ ಕ್ರೇ ಸೂಪರ್‌ಕಂಪ್ಯೂಟರನ್ನು ಅಮೆರಿಕ ಕೊಡಲೊಪ್ಪದಿದ್ದಾಗ, 1988ರಲ್ಲಿ ಇದೇ ಊರಿನಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು. ವಿಜಯ ಭಟ್ಕರ್ ಅವರ ಮುಂದಾಳತ್ವದಲ್ಲಿ 1991ರಲ್ಲಿ ಹೊರಬಂದ ಪರಮ್ 8000, ಇನ್‌ಮಾಸ್ ಕಂಪನಿಯ ಟ್ರಾನ್ಸ್‌ಪ್ಯೂಟರ್ ಎಂಬ ಸಿದ್ಧ ಚಿಪ್‌ಗಳನ್ನು ಸಾಲಾಗಿ ಜೋಡಿಸಿ ಮಾಡಿದ ಯಂತ್ರವೇ. ನಿಮ್ಮ ಮಗಳ ಎಚ್ 610ಕ್ಕೂ ಅದಕ್ಕೂ ಅಜಗಜಾಂತರ, ಗೊತ್ತು. ಆದರೂ ಈ ಸಂಗತಿಯನ್ನು ಅವಳಿಗೊಮ್ಮೆ ಹೇಳಿ.

ಈ ಪತ್ರ ಅಂಗಡಿಯವರ ಕಣ್ಣಿಗೆ ಬಿದ್ದರೆ ಅವರಿಗೂ ಒಂದು ಅರಿಕೆ. ಹಳೆಯ ಬೋರ್ಡ್ ಮಾರಿ, ಬೇಡವೆನ್ನುವುದಿಲ್ಲ. ಜಾಹೀರಾತಿನಲ್ಲಿ ಪ್ರೊಸೆಸರ್‌ನ ಪಕ್ಕ ಅದರ ತಲೆಮಾರು, ಬೋರ್ಡಿನ ಹೆಸರು ಎರಡನ್ನೂ ಬರೆಯಿರಿ. ಗಿರಾಕಿ ನೋಡಿಕೊಂಡು ತೀರ್ಮಾನಿಸಲಿ.

ತಂದೆತಾಯಂದಿರೇ, ಇಷ್ಟು ಓದಿದ ಮೇಲೂ ಗೊಂದಲ ಉಳಿದರೆ ಅವಸರ ಮಾಡಬೇಡಿ. ಮುಂಗಡ ಕೊಡದೆ ಕೊಟೇಶನ್ ಮಾತ್ರ ಕಾಗದದ ಮೇಲೆ ಬರೆಸಿಕೊಂಡು ಬನ್ನಿ. ಭಾನುವಾರ ಬೆಳಗ್ಗೆ ಮನೆಯಲ್ಲೇ ಇರುತ್ತೇನೆ, ಮಕ್ಕಳನ್ನೂ ಕರೆತನ್ನಿ. ಕೂತು ಒಂದೊಂದೇ ಸಾಲು ನೋಡೋಣ. ಬೋರ್ಡಿನ ಸಾಲು ಖಾಲಿ ಇದ್ದರೆ ಅದನ್ನು ತುಂಬಿಸಿಕೊಂಡು ಬರಲು ಮತ್ತೆ ಅಂಗಡಿಗೆ ಕಳಿಸುತ್ತೇನೆ, ಬೇಸರಿಸಬಾರದು.


ನಿಮ್ಮ ವಿಶ್ವಾಸಿ,
ನೆರೆಯ ಒಬ್ಬ ನಿವೃತ್ತ ಬೋರ್ಡ್ ರಿಪೇರಿಯವ
ಕೊಂಢವಾ ಬುದ್ರುಕ, ಪುಣೆ